ಹಲೋ ಗುಡ್ಡಕ್ಕೆ ಸಾಹೇಬರನ್ನು ಹತ್ತಿಸಿದ್ದು

ಮೊನ್ನೆ ಹೊಸನಗರದ ಹೋಟೆಲಿನಲ್ಲಿ ಫೈಬರ್ ಎಳೆಯುವ ಗುತ್ತಿಗೆಯ ಇಬ್ಬರು ಕೆಲಸಗಾರರು ನನ್ನೆದುರು ಕೂತಿದ್ದರು. ನಾನು ಹಳೆಯ ಫೋನ್ ಲೈನ್‌ಮನ್ ಎಂದು ಗೊತ್ತಾದ ಮೇಲೆ ಅವರಲ್ಲೊಬ್ಬ, ನಿಮ್ಮ ಕಾಲದಲ್ಲಿ ಆರಾಮಿತ್ತು ಬಿಡಿ, ಕೇಳೋರಿಲ್ಲ ಹೇಳೋರಿಲ್ಲ ಎಂದ. ನನಗೆ ಎಷ್ಟು ಸಿಟ್ಟು ಬಂತೆಂದರೆ ತಟ್ಟೆಯಲ್ಲಿದ್ದ ಬನ್ಸನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಮನೆಗೆ ಬಂದು ಯೋಚಿಸಿದರೆ ಅವನು ಹೇಳಿದ್ದರಲ್ಲಿ ಅರ್ಧ ನಿಜ. ಕೇಳುವವರು ಇರಲಿಲ್ಲ. ಹೇಳುವವರು ಮಾತ್ರ ಬೇಕಾದಷ್ಟು ಜನ ಇದ್ದರು. ಆ ಹೇಳುವವರ ಕಥೆಯನ್ನೂ, ಅವರ ನಡುವೆ ನಾನು ಮಾಡಿದ ಒಂದು ದೊಡ್ಡ ಎಡವಟ್ಟಿನ ಕಥೆಯನ್ನೂ ಹೊಸದಾಗಿ ಈ ಕೆಲಸಕ್ಕೆ ಬರುವವರಿಗಾಗಿ ಬರೆದಿಡುತ್ತಿದ್ದೇನೆ. ಬಡ್ತಿಯ ವಿಚಾರ ಬರೆಯುವುದಿಲ್ಲ. ಸೇರುವಾಗ ಲೈನ್‌ಮನ್ ಆಗಿದ್ದೆ, ಬಿಡುವಾಗ ಹುದ್ದೆಯ ಹೆಸರು ಉದ್ದವಾಗಿತ್ತು, ಏಣಿ ಅದೇ ಇತ್ತು.

ನನ್ನ ಸರಹದ್ದಿನ ಕೊನೆಯ ಊರು ಕುಳಿಗದ್ದೆ. ನಿಟ್ಟೂರು ದಾಟಿ ಕಾಡಿನೊಳಗೆ ಹೋಗಬೇಕು. ಹದಿನೇಳು ಮನೆ. ಸುತ್ತ ಗುಡ್ಡ, ನಡುವೆ ಗುಂಡಿ, ಆ ಗುಂಡಿಯಲ್ಲಿ ಊರು. ಅಲ್ಲಿಗೆ ಮೊದಲ ಫೋನ್ ತಂತಿ ಎಳೆದವನು ನಾನೇ. ಕಂಬ ಹೊತ್ತದ್ದು ಊರಿನವರು, ಗುಂಡಿ ತೋಡಿದ್ದು ಊರಿನವರು, ನನಗೆ ಊಟ ಹಾಕಿದ್ದೂ ಊರಿನವರು. ಆದರೆ ವರದಿಯಲ್ಲಿ ಇಲಾಖೆಯೇ ಎಳೆದ ಹಾಗೆ ಬರೆದುಕೊಂಡರು. ಊರಿಗೆಲ್ಲ ಒಂದೇ ಸಾರ್ವಜನಿಕ ಫೋನು, ಅದು ಕನ್ನಪ್ಪಜ್ಜನ ಮನೆಯಲ್ಲಿ. ಕನ್ನಪ್ಪಜ್ಜ ಮೊದಲು ಗೇಣಿ ಮಾಡಿಕೊಂಡಿದ್ದು ಆಮೇಲೆ ಜಮೀನು ಸ್ವಂತ ಮಾಡಿಕೊಂಡವರು. ಸರ್ಕಾರದ ಸಾಮಾನನ್ನು ಹೇಗೆ ನೋಡಿಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಫೋನಿಗೆ ಮರದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದರು. ಕೈಕಾಲು ತೊಳೆಯದೆ ಬಂದವರಿಗೆ ಬೀಗ ತೆಗೆಯುತ್ತಿರಲಿಲ್ಲ.

ಆಮೇಲೆ ಸುಧಾರಣೆ ಶುರುವಾಯಿತು. ಇಲಾಖೆ ಹೋಗಿ ನಿಗಮ ಬಂತು. ಕಚೇರಿಯ ಬೋರ್ಡು ಬದಲಾಯಿತು, ಕುರ್ಚಿಗಳೂ ಅವುಗಳ ಮೇಲೆ ಕೂತವರೂ ಹಾಗೇ ಉಳಿದರು. ಚಂದಾದಾರರನ್ನು ಇನ್ನು ಮುಂದೆ ಗ್ರಾಹಕರು ಎನ್ನಬೇಕೆಂದು ಸುತ್ತೋಲೆ ಬಂತು. ಅವರ ಜೊತೆ ನಗುನಗುತ್ತಾ ಮಾತಾಡುವುದನ್ನು ಕಲಿಸಲು ನಮ್ಮನ್ನು ಸಾಗರಕ್ಕೆ ಕರೆಸಿ ಮೂರು ದಿನ ತರಬೇತಿ ಕೊಟ್ಟರು. ಕಂಬ ಹತ್ತಿ ಹತ್ತಿ ಮೊಣಕಾಲು ಸವೆದ ಮೂವತ್ತು ಗಂಡಸರು ಸಾಲಾಗಿ ನಿಂತು ನಕ್ಕೆವು. ಹಲ್ಲು ಎಷ್ಟು ಕಾಣಬೇಕೆಂದು ಕೂಡ ಹೇಳಿದರು. ಕಂಬದಿಂದ ಮನೆಗೆ ಎಳೆಯುವ ಡ್ರಾಪ್ ವೈರ್ ಯಾವಾಗ ಬರುತ್ತದೆ ಎಂದು ನಾನು ಕೇಳಿದ್ದಕ್ಕೆ, ಅದು ಈ ತರಬೇತಿಯ ವಿಷಯವಲ್ಲ ಎಂದು ನಗುತ್ತಲೇ ಉತ್ತರ ಕೊಟ್ಟರು.

ಕಲಿತ ವಿದ್ಯೆಯನ್ನು ಮೊದಲು ಕನ್ನಪ್ಪಜ್ಜನ ಮೇಲೆಯೇ ಪ್ರಯೋಗಿಸಿದೆ. ಅವರ ಫೋನು ಸತ್ತು ನಲವತ್ತು ದಿನವಾಗಿತ್ತು. ನಾನು ಅಂಗಳದಲ್ಲಿ ನಿಂತು ಹೇಳಿಕೊಟ್ಟಷ್ಟೇ ಹಲ್ಲು ತೋರಿಸಿ ನಮಸ್ಕಾರ ಎಂದೆ. ಅಜ್ಜ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದು ನನ್ನ ಮುಖ ನೋಡಿದರು.

“ಎಂತಕ್ಕೆ ನಗ್ತೀಯ ನಾಗಪ್ಪ? ನನ್ನ ಮನೇಲಿ ಫೋನು ಸತ್ತಿದ್ದು ನಿಂಗೆ ತಮಾಷೆಯಾ?”

ಅವತ್ತಿನಿಂದ ನಾನು ಡ್ಯೂಟಿಯ ಮೇಲೆ ನಗುವುದನ್ನು ಬಿಟ್ಟೆ.

ನಲವತ್ತು ದಿನ ಸತ್ತಿದ್ದರೂ ಆ ಫೋನಿನ ದೂರು ನಮ್ಮ ಕಂಪ್ಯೂಟರಿನಲ್ಲಿ ಇರಲಿಲ್ಲ. ಹೊಸ ನಿಯಮದ ಪ್ರಕಾರ ಯಾವ ದೂರಾದರೂ ಒಂದು ದಿನದಲ್ಲಿ ಮುಗಿಯಬೇಕು, ಮುಗಿದಿದೆಯೇ ಎಂದು ಗ್ರಾಹಕರಿಗೇ ಫೋನ್ ಮಾಡಿ ಕೇಳಬೇಕು. ಯಾವ ಫೋನಿಗೆ? ಸತ್ತ ಫೋನಿಗೆ. ತಂತಿ ಕಡಿದಿದ್ದರೂ ಎಷ್ಟೋ ಸಲ ಎಕ್ಸ್‌ಚೇಂಜಿನಲ್ಲಿ ಕೂತವರಿಗೆ ಅತ್ತ ಗಂಟೆ ಹೊಡೆಯುತ್ತಿರುವ ಸದ್ದು ಕೇಳುತ್ತದೆ. ಯಾರೂ ಎತ್ತುವುದಿಲ್ಲ. ಗ್ರಾಹಕರು ಲಭ್ಯವಿಲ್ಲ, ದೂರು ಮುಕ್ತಾಯ ಎಂದು ಒತ್ತಿಬಿಡುತ್ತಿದ್ದರು. ಎಷ್ಟು ಹೆಚ್ಚು ಫೋನು ಸತ್ತರೆ ಅಷ್ಟು ಬೇಗ ದೂರು ಮುಗಿಯುತ್ತಿತ್ತು. ಆ ಮಳೆಗಾಲ ನಮ್ಮ ವಿಭಾಗದ ಅರ್ಧ ಲೈನು ನೆಲದ ಮೇಲೆ ಬಿದ್ದಿತ್ತು, ಒಳ್ಳೆಯ ಸೇವೆಗೆಂದು ನಮಗೆ ಒಂದು ಫಲಕ ಬಂತು. ಅದನ್ನು ಗೋಡೆಗೆ ತೂಗುಹಾಕಲು ಮೊಳೆ ಸಿಗದೆ ನಮ್ಮ ಇಂಜಿನಿಯರ್ ಅದನ್ನು ಬೀರುವಿನ ಮೇಲೆ ಇಟ್ಟರು.

ಕೊನೆಗೆ ಒಂದು ದಿನ, ಕುಳಿಗದ್ದೆಯಂಥ ಊರುಗಳ ತಂತಿಯನ್ನೇ ಸುತ್ತಿ ತರಬೇಕೆಂದು ಆದೇಶ ಬಂತು. ದೇಶಕ್ಕೇ ಮೊಬೈಲು ಬರುತ್ತಿರುವಾಗ ತಂತಿ ಯಾಕೆ ಎಂಬ ವಾದ. ಎಳೆದವನೇ ಸುತ್ತಲು ಹೋದೆ. ಕನ್ನಪ್ಪಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಸೊಸೆ ಸುಮಿತ್ರಾ ಜಗಲಿಯ ಮೇಲೆ ನಿಂತು ನೋಡುತ್ತಿದ್ದಳು. ಊರಿನ ಆಶಾ ಕಾರ್ಯಕರ್ತೆ ಅವಳೇ. ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವುದು, ಹೆರಿಗೆ ಎಂದರೆ ಆಂಬುಲೆನ್ಸ್ ಕರೆಸುವುದು ಅವಳ ಕೆಲಸ. ಇದನ್ನು ತೆಗೆದರೆ ನಾನು ಎಲ್ಲಿಂದ ಫೋನ್ ಮಾಡಲಿ ಎಂದು ಕೇಳಿದಳು. ಮೊಬೈಲ್ ಬರುತ್ತದೆ ಸುಮಿತ್ರಾ, ನಿನ್ನ ಮನೆ ಬಾಗಿಲಲ್ಲೇ ನಿಂತು ಮಾತಾಡುವೆಯಂತೆ, ಎಂದೆ. ಸುತ್ತೋಲೆಯಲ್ಲಿ ಹಾಗೇ ಇತ್ತು. ನಾನು ಅದನ್ನು ನಂಬಿದ್ದೆ, ಅವಳು ನನ್ನನ್ನು ನಂಬಿದಳು.

ಮೊಬೈಲ್ ಬಂತು. ಊರಿಗಲ್ಲ, ಊರ ಹಿಂದಿನ ಗುಡ್ಡದ ನೆತ್ತಿಗೆ. ಎಲ್ಲೋ ದೂರದ ಟವರಿನ ಸಿಗ್ನಲ್ ಗಾಳಿಯಲ್ಲಿ ತೇಲಿ ಬಂದು ಅಲ್ಲಿನ ಒಂದು ಬಂಡೆಯ ಮೇಲೆ ಮಾತ್ರ ಇಳಿಯುತ್ತಿತ್ತು. ಊರಿನವರು ಅದಕ್ಕೆ ಹಲೋ ಗುಡ್ಡ ಎಂದು ಹೆಸರಿಟ್ಟರು. ಇಪ್ಪತ್ತು ನಿಮಿಷದ ಏರು. ಬಂಡೆಯ ಪಕ್ಕ ಸೋಗೆಯ ಚಪ್ಪರ ಬಂತು, ಕೂರಲು ಹಲಗೆ ಬಂತು. ರೇಷನ್ನಿಗೆ ಹೆಬ್ಬೆರಳು ಒತ್ತುವ ಯಂತ್ರವನ್ನೂ ತಿಂಗಳಿಗೊಮ್ಮೆ ಅಲ್ಲಿಗೇ ಹೊತ್ತು ತರುತ್ತಿದ್ದರು. ಮುದುಕರು ಗುಡ್ಡ ಹತ್ತಿ ಹೆಬ್ಬೆರಳು ಒತ್ತಿ, ಇಳಿದು ಅಂಗಡಿಗೆ ಹೋಗಿ ಅಕ್ಕಿ ತರುತ್ತಿದ್ದರು. ಇದಕ್ಕೆ ಡಿಜಿಟಲ್ ಎನ್ನುತ್ತಾರೆಂದು ಅವರಿಗೆ ಯಾರೋ ಹೇಳಿದ್ದರು. ಹತ್ತಿದಷ್ಟೂ ಒಳ್ಳೆಯದು ಎಂದು ಆ ಪದಕ್ಕೆ ಅರ್ಥವಿರಬೇಕೆಂದು ಅವರು ತಿಳಿದಿದ್ದರು.

ಸುಮಿತ್ರಾ ಬಿಡಲಿಲ್ಲ. ಟವರ್ ಬೇಕೆಂದು ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ, ನಮ್ಮ ಕಚೇರಿಗೆ ಅರ್ಜಿ ಬರೆದಳು. ಬರೆದು ಬರೆದು ಅವಳ ಅಕ್ಷರ ದುಂಡಗಾಯಿತು. ಕೊನೆಗೆ ಒಂದು ದಿನ ಸಿಗ್ನಲ್ ಇಲ್ಲದ ಊರುಗಳ ಪಟ್ಟಿ ಮಾಡಲು ಬೆಂಗಳೂರಿನಿಂದ ಒಬ್ಬ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಪಟ್ಟಿಗೆ ಸೇರಿದ ಊರಿಗೆಲ್ಲ ಟವರ್. ದಾರಿ ತೋರಿಸುವ ಕೆಲಸ ನನಗೆ ಬಿತ್ತು.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ.

ಸಾಹೇಬರು ಒಳ್ಳೆಯವರು, ಚಿಕ್ಕ ವಯಸ್ಸು. ಕೈಯಲ್ಲಿ ಸಿಗ್ನಲ್ ಅಳೆಯುವ ದೊಡ್ಡ ಫೋನು. ನಿಟ್ಟೂರು ದಾಟಿ ಕಾಡುದಾರಿ ನಡೆಯುವ ಹೊತ್ತಿಗೆ ಅವರ ಶೂ ಒಳಗೆ ಉಂಬಳ, ನಮ್ಮ ಕಾಡಿನ ಜಿಗಣೆ, ಸೇರಿ ರಕ್ತ ಬರುತ್ತಿತ್ತು. ಕುಳಿಗದ್ದೆಯಲ್ಲಿ ಸುಮಿತ್ರಾ ಸುಣ್ಣ ಹಚ್ಚಿ ಉಂಬಳ ಬಿಡಿಸಿದಳು. ಆದರೆ ಅವರ ಸಂಕಟ ಬೇರೆಯೇ ಇತ್ತು. ಗಂಟೆಗೊಮ್ಮೆ ಮೇಲಿನವರಿಗೆ ಫೋನ್ ಮಾಡಿ ಎಲ್ಲಿದ್ದೇನೆಂದು ಹೇಳಬೇಕಂತೆ. ಇಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಇಲ್ಲದ ಊರನ್ನು ಹುಡುಕಿಕೊಂಡು ಬಂದವರು, ಸಿಗ್ನಲ್ ಇಲ್ಲವಲ್ಲ ಎಂದು ಫೋನನ್ನು ಮೇಲೆತ್ತಿಕೊಂಡು ಅಂಗಳದ ತುಂಬ ಓಡಾಡುತ್ತಿದ್ದರು. ನಮಗೆ ನೋಡಲಾಗಲಿಲ್ಲ.

ನಮ್ಮ ಕಡೆ ಒಂದು ರೂಢಿ ಇದೆ. ಮನೆಗೆ ಬಂದವರಿಗೆ ಇದ್ದುದರಲ್ಲಿ ಒಳ್ಳೆಯದನ್ನು ಕೊಡುವುದು. ಮನೆಯವರು ಮುರುಕು ಲೋಟದಲ್ಲಿ ಕುಡಿದರೂ ಬಂದವರಿಗೆ ಹಿತ್ತಾಳೆ ಲೋಟ ಬರುತ್ತದೆ. ಹೊಸ ಚಾಪೆ ಇರುವುದೇ ನೆಂಟರಿಗೆ. ಹಾಗಿರುವಾಗ ಬೆಂಗಳೂರಿನ ಸಾಹೇಬರನ್ನು ಸಿಗ್ನಲ್ ಇಲ್ಲದ ಕಡೆ ಕೂರಿಸುವುದು ಹೇಗೆ? ಅವರನ್ನು ನಾನು ಹಲೋ ಗುಡ್ಡಕ್ಕೆ ಹತ್ತಿಸಿದೆ. ಚಪ್ಪರದ ಕೆಳಗೆ, ಬಂಡೆಯ ಮೇಲೆ, ಸಿಗ್ನಲ್ ಅತಿ ಚೆನ್ನಾಗಿ ಸಿಗುವ ಜಾಗದಲ್ಲಿ ಹಲಗೆ ಒರೆಸಿ ಕೂರಿಸಿದೆ. ಅವರ ಮುಖ ಅರಳಿತು. ಮೇಲಿನವರೊಂದಿಗೆ ಮಾತಾಡಿದರು, ಹೆಂಡತಿಯೊಂದಿಗೂ ಮಾತಾಡಿದರು. ಹಿಂದೆಯೇ ಊರಿನಿಂದ ಕಾಫಿ ಬಂತು, ಕರಿದ ಹಲಸಿನ ಹಪ್ಪಳ ಬಂತು. ಸಾಹೇಬರು ಹಪ್ಪಳ ಮುರಿಯುತ್ತಾ ಇನ್ನೊಂದು ಕೈಯಲ್ಲಿ ಆ ದೊಡ್ಡ ಫೋನನ್ನು ಒತ್ತಿದರು. ಪರದೆಯ ಮೇಲೆ ಕುಳಿಗದ್ದೆ ಎಂಬ ಹೆಸರಿನ ಪಕ್ಕ ಹಸಿರು ಚುಕ್ಕೆ ಮೂಡಿತು.

ಹಸಿರು ಎಂದರೆ ಒಳ್ಳೆಯದೇ ಅಲ್ಲವೇ? ನಾನು ಹಾಗೇ ಅಂದುಕೊಂಡೆ. ನಮ್ಮ ಊರು ಪಾಸಾಯಿತು ಎಂದು ಇಳಿಯುವಾಗ ಸುಮಿತ್ರಾಳಿಗೆ ಹೇಳಿದೆ ಕೂಡ. ಅವಳು ಸಾಹೇಬರ ಚೀಲಕ್ಕೆ ಇನ್ನೊಂದು ಕಟ್ಟು ಹಪ್ಪಳ ತುಂಬಿದಳು.

ಪಟ್ಟಿ ಬಂದಾಗ ಹೊಸನಗರದ ಕಚೇರಿಯಲ್ಲಿ ಅದನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡೆರಡು ಸಲ ಓದಿದೆ. ಕುಳಿಗದ್ದೆ ಇರಲಿಲ್ಲ. ಹಸಿರು ಎಂದರೆ ಸಿಗ್ನಲ್ ಇದೆ, ಟವರ್ ಬೇಡ ಎಂದು ನಮ್ಮ ಇಂಜಿನಿಯರ್ ವಿವರಿಸಿದರು. ಊರಿಗೆ ತಂತಿ ತಂದವನು ನಾನು, ತಂತಿ ಒಯ್ದವನು ನಾನು, ಬರಬೇಕಿದ್ದ ಟವರನ್ನು ಹಪ್ಪಳದ ಜೊತೆ ಕಳಿಸಿಕೊಟ್ಟವನೂ ನಾನು. ನಾಚಿಕೆಯಾಗಿ ಇದನ್ನು ಯಾರಿಗೂ ಹೇಳಲಿಲ್ಲ. ಸುಮಿತ್ರಾಳಿಗೆ, ಮೇಲಿನವರು ಏನೋ ತಪ್ಪು ಮಾಡಿದ್ದಾರೆ ಎಂದಷ್ಟೇ ಹೇಳಿದೆ. ಮೇಲಿನವರು ಎಂಬ ಮಾತು ಎಷ್ಟು ಅನುಕೂಲದ್ದು ನೋಡಿ.

ಸರಿಪಡಿಸಲು ಹೊರಟೆವು. ಸುಮಿತ್ರಾ ಸಹಾಯವಾಣಿಗೆ ಫೋನ್ ಮಾಡಿ ನಮ್ಮೂರಿಗೆ ಸಿಗ್ನಲ್ ಇಲ್ಲ ಎಂದಳು. ಇಲ್ಲದಿದ್ದರೆ ಹೇಗೆ ಮಾತಾಡುತ್ತಿದ್ದೀರಿ ಎಂದು ಅತ್ತಲಿಂದ ಕೇಳಿದರು. ಗುಡ್ಡದ ಮೇಲಿಂದ ಎಂದಳು. ಹಾಗಾದರೆ ಇದೆ ಎಂದಾಯಿತಲ್ಲ ಮೇಡಂ ಎಂದು ಇಟ್ಟರು. ಸಿಗ್ನಲ್ ಇಲ್ಲದ ಜಾಗದಲ್ಲೇ ನಿಂತು ಆ್ಯಪ್ ತೆರೆದು ದೂರು ಕೊಡಬೇಕೆಂದು ಇನ್ನೊಬ್ಬರು ಸಲಹೆ ಕೊಟ್ಟರು. ಗುಂಡಿಯಲ್ಲಿ ಆ್ಯಪ್ ತೆರೆಯುವುದಿಲ್ಲ. ಗುಡ್ಡದ ಮೇಲೆ ತೆರೆಯುತ್ತದೆ, ತೆರೆದ ಕೂಡಲೇ ನಿಮ್ಮ ಸಿಗ್ನಲ್ ಉತ್ತಮವಾಗಿದೆ ಎಂದು ಅದೇ ಹೇಳುತ್ತದೆ. ಕಾಗದದಲ್ಲಿ ಬರೆದೆವು. ದಾಖಲೆಗಳ ಪ್ರಕಾರ ಸದರಿ ಗ್ರಾಮದಲ್ಲಿ ಸೇವೆ ಲಭ್ಯವಿದೆ ಎಂದು ಉತ್ತರ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮ ಮೇಲಿನವರು ಎಂದು ಗೊತ್ತಿತ್ತು. ಒಮ್ಮೆ ಕಟ್ಟಿದ ಮೇಲೆ ಬಿಚ್ಚುವುದು ಯಾರಿಂದಲೂ ಆಗುವುದಿಲ್ಲವೆಂದು ಆಗ ಗೊತ್ತಾಯಿತು.

ಮರು ಮಳೆಗಾಲದಲ್ಲಿ ಆ ಊರಿನ ರತ್ನಳಿಗೆ ದಿನ ತುಂಬುವ ಮೊದಲೇ ನೋವು ಬಂತು. ಬೆಳಗಿನ ಹೊತ್ತು, ಗಂಡಸರೆಲ್ಲ ಗದ್ದೆಗೆ ಹೋಗಿದ್ದರು. ಸುಮಿತ್ರಾ ಅವಳ ಕೈ ಬಿಡಿಸಿಕೊಂಡು ಹಲೋ ಗುಡ್ಡಕ್ಕೆ ಓಡಿದಳು. ಜಾರುವ ದಾರಿ. ಆಂಬುಲೆನ್ಸಿಗೆ ಹೇಳಿ ಇಳಿದು ಬರುವಷ್ಟರಲ್ಲಿ ಮಗು ಹುಟ್ಟಿತ್ತು. ಕಣ್ಣು ಕಾಣದ ಅಜ್ಜಿಯೊಬ್ಬಳು ಮಾತ್ರ ಹತ್ತಿರ ಇದ್ದಳು. ಹೊಕ್ಕಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ಬಿಡಿಸಲು ಸುಮಿತ್ರಾಳಿಗೆ ಬರುತ್ತಿತ್ತು. ಅವಳು ಇರಲಿಲ್ಲ. ರತ್ನ ಉಳಿದಳು, ಮಗು ಉಳಿಯಲಿಲ್ಲ.

ನಾಲ್ಕು ದಿನ ಬಿಟ್ಟು ನಾನು ಹೋದೆ. ಸುಮಿತ್ರಾ ಅಳಲಿಲ್ಲ. ಅಂಗಳದ ತುದಿಯಲ್ಲಿ ನಿಂತು ಗುಡ್ಡವನ್ನೇ ನೋಡುತ್ತಾ ಹೇಳಿದಳು.

“ಫೋನ್ ಮಾಡಕ್ಕೆ ಹೋದ್ರೆ ಕೈ ಹಿಡ್ಕೊಳ್ಳೋರಿಲ್ಲ. ಕೈ ಹಿಡ್ಕೊಂಡು ಕೂತ್ರೆ ಫೋನ್ ಮಾಡೋರಿಲ್ಲ. ನಾನು ಒಬ್ಳೇ ಎಂತ ಮಾಡ್ಲಿ ನಾಗಪ್ಪಣ್ಣ?”

ನಾನು ಬಾಯಿ ತೆರೆದೆ, ಸಾಹೇಬರನ್ನು ಗುಡ್ಡ ಹತ್ತಿಸಿದ್ದು ನನ್ನ ಈ ಹಾಳು ಬುದ್ಧಿಯೇ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಹೆದರಿದೆ. ಮೂವತ್ತೈದು ವರ್ಷದಲ್ಲಿ ಎಷ್ಟೋ ಎತ್ತರದ ಕಂಬ ಹತ್ತಿದ್ದೇನೆ, ಅಷ್ಟು ಹೆದರಿದ್ದು ಅದೊಂದೇ ಸಲ.

ಆಮೇಲೆ ನೌಕರರ ಸಂಖ್ಯೆ ಜಾಸ್ತಿಯಾಗಿದೆ, ಸ್ವಯಂ ನಿವೃತ್ತಿ ತೆಗೆದುಕೊಳ್ಳಿ ಎಂದರು. ಸ್ವಯಂ ಎಂದರೆ ಅವರಾಗಿಯೇ ಹೇಳುವುದು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಗುಣಗಳನ್ನು ಹೇಳಿ ಕಳಿಸಿದರು. ಹೊಸ ಜನ ಬಂದರು, ಹೊಸ ಲೆಕ್ಕಾಚಾರ ಬಂತು. ಈಗ ಯಾರೂ ಊರಿಗೆ ಬಂದು ನೋಡುವುದಿಲ್ಲ, ಎಲ್ಲಿ ಹೆಚ್ಚು ಫೋನ್ ಬಳಕೆಯಾಗುತ್ತದೆ ಎಂದು ಕಂಪ್ಯೂಟರೇ ನಕ್ಷೆ ಮಾಡುತ್ತದೆ. ಆ ನಕ್ಷೆಯಲ್ಲಿ ಹಲೋ ಗುಡ್ಡದ ಬಂಡೆ ಕೆಂಡದ ಹಾಗೆ ಹೊಳೆಯಿತಂತೆ. ಇಷ್ಟೊಂದು ಗ್ರಾಹಕರು ವಾಸವಾಗಿರುವ ಜಾಗ ಎಂದು ಅಲ್ಲಿಗೆ ಟವರ್ ಮಂಜೂರಾಯಿತು.

ಟವರ್ ಎದ್ದಿತು. ಬಂಡೆಯ ಮೇಲೆಯೇ, ಚಪ್ಪರ ಕಿತ್ತು, ಸುತ್ತ ಬೇಲಿ ಹಾಕಿ. ಅದರ ಮುಖವೆಲ್ಲ ಡಾಂಬರು ರಸ್ತೆಯ ಕಡೆಗೆ. ಬಸ್ಸಿನಲ್ಲಿ ಹೋಗುವವರು ಈಗ ನಿಟ್ಟೂರಿನವರೆಗೆ ಸಿನಿಮಾ ನೋಡುತ್ತಾ ಹೋಗಬಹುದು. ಗುಡ್ಡದ ಬೆನ್ನಿಗೆ ಅಂಟಿಕೊಂಡ ಗುಂಡಿಯೊಳಗಿನ ಕುಳಿಗದ್ದೆಗೆ ಮಾತ್ರ ಒಂದು ಗೆರೆ ಸಿಗ್ನಲ್ ಕೂಡ ಇಳಿಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಮಾಡಿದವರು ನಮ್ಮ ಇಲಾಖೆಯಲ್ಲೇ ಕೆಲಸ ಮಾಡಿರಬೇಕು.

ಆ ಸುದ್ದಿ ಕೇಳಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಹೋದೆ. ಸುಮಿತ್ರಾ ಕಾಫಿ ತಂದಿಟ್ಟಳು. ಕುಡಿಯುವ ಮೊದಲೇ ಎಲ್ಲವನ್ನೂ ಹೇಳಿದೆ. ಸಾಹೇಬರು, ಬಂಡೆ, ಹಸಿರು ಚುಕ್ಕೆ, ರತ್ನಳ ಮಗು.

“ಪಟ್ಟಿ ಬಂದ ದಿನವೇ ಗೊತ್ತಾಗಿತ್ತು ನಂಗೆ” ಎಂದಳು. “ಪಾಪ, ದೂರದಿಂದ ಬಂದವ್ರು, ಗುಡ್ಡಕ್ಕೆ ಕರ್ಕೊಂಡು ಹೋಗಿ, ಕಾಫಿ ಅಲ್ಲಿಗೇ ಕಳಿಸ್ತೀನಿ ಅಂದಿದ್ದು ಯಾರು? ನಾನೇ ಅಲ್ವಾ, ಮರೆತ್ರಾ? ನೀವು ಬಂದು ಹೇಳ್ತೀರೇನೋ ಅಂತ ಇಷ್ಟು ವರ್ಷ ಕಾದೆ. ನೀವು ಹೇಳಿದ್ರೆ ನಾನೂ ಹೇಳ್ಬೌದು ಅಂತ.”

ನಿಜ, ನಾನು ಮರೆತಿದ್ದೆ. ನನ್ನ ತಪ್ಪನ್ನು ಇಷ್ಟು ಜೋಪಾನವಾಗಿ ಬಚ್ಚಿಡುವಾಗ ಅದರಲ್ಲಿ ಇನ್ನೊಬ್ಬರ ಪಾಲಿದೆಯೆಂಬುದೇ ನೆನಪಾಗಿರಲಿಲ್ಲ. ಅವಳೂ ಅದನ್ನೇ ಹೊತ್ತುಕೊಂಡು ಅಷ್ಟು ಸಲ ಆ ಗುಡ್ಡ ಹತ್ತಿ ಇಳಿದಿದ್ದಳು. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಕಾಫಿ ಆರಿಹೋಗಿತ್ತು, ಮತ್ತೆ ಬಿಸಿ ಮಾಡಿಕೊಟ್ಟಳು.

ವಾಪಸು ಬರುವಾಗ ತಲೆ ಓಡಿತು. ಸಾಗರದ ಗುಜರಿ ಅಂಗಡಿಯಲ್ಲಿ ನಮ್ಮ ಹಳೆಯ ಎಕ್ಸ್‌ಚೇಂಜಿನ ಸಾಮಾನು ಇನ್ನೂ ಬಿದ್ದಿತ್ತು. ಕೈಯಲ್ಲಿ ಹಿಡಿ ತಿರುಗಿಸಿದರೆ ಅತ್ತ ಗಂಟೆ ಹೊಡೆಯುವ ಹಳೇ ಕಾಲದ ಫೋನು ಎರಡು ತಂದೆ. ಅವಕ್ಕೆ ಎಕ್ಸ್‌ಚೇಂಜೂ ಬೇಡ, ಟವರೂ ಬೇಡ, ನಡುವೆ ತಂತಿ ಇದ್ದು ಬ್ಯಾಟರಿ ಸೆಲ್ ಹಾಕಿದರೆ ಸಾಕು. ತಂತಿ ಕುಳಿಗದ್ದೆಯಲ್ಲೇ ಸಿಕ್ಕಿತು. ನಾನು ಸುತ್ತಿ ಒಯ್ಯುವಾಗ ಊರಿನವರು ಬಟ್ಟೆ ಒಣಗಿಸಲೆಂದು ಮನೆಗೊಂದು ಸುರುಳಿ ಕದ್ದಿಟ್ಟುಕೊಂಡಿದ್ದರು. ಆಗ ಅದರ ಬಗ್ಗೆ ವರದಿ ಬರೆಯಲು ನನಗೆ ಹೇಳಿದ್ದರು, ನಾನು ಬರೆಯದೆ ಇದ್ದದ್ದು ನನ್ನ ವೃತ್ತಿಯಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ಊರಿನವರೆಲ್ಲ ಸೇರಿ ಮರದಿಂದ ಮರಕ್ಕೆ ಎಳೆದೆವು. ಒಂದು ತುದಿ ಸುಮಿತ್ರಾಳ ಮನೆಯಲ್ಲಿ, ಕನ್ನಪ್ಪಜ್ಜನ ಅದೇ ಮರದ ಪೆಟ್ಟಿಗೆಯೊಳಗೆ. ಇನ್ನೊಂದು ತುದಿ ಗುಡ್ಡದ ಮೇಲೆ, ಟವರ್ ಕಾಯುವ ಶೇಷಪ್ಪನ ಶೆಡ್ಡಿನಲ್ಲಿ. ಅವನು ಅಲ್ಲೇ ಉಂಡು ಅಲ್ಲೇ ಮಲಗುವವನು. ಸುಮಿತ್ರಾ ಹಿಡಿ ತಿರುಗಿಸಿ ಹೇಳುವುದು, ಶೇಷಪ್ಪ ಅದನ್ನು ತನ್ನ ಮೊಬೈಲಿನಿಂದ ಆಂಬುಲೆನ್ಸಿಗೆ ಹೇಳುವುದು. ಇದಕ್ಕೆ ಕಾನೂನು ಏನು ಹೇಳುತ್ತದೋ ನನಗೆ ತಿಳಿಯದು. ನಾನು ಕೇಳಲೂ ಹೋಗಿಲ್ಲ, ಕೇಳಬೇಕಾದವರು ಕುಳಿಗದ್ದೆಗೆ ಬರುವುದೂ ಇಲ್ಲ.

ಹೋದ ಮಳೆಗಾಲ ರತ್ನಳಿಗೆ ಮತ್ತೆ ನೋವು ಬಂತು. ಸುಮಿತ್ರಾ ಒಂದು ಕೈಯಲ್ಲಿ ರತ್ನಳ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹಿಡಿ ತಿರುಗಿಸಿದಳಂತೆ. ಪೆಟ್ಟಿಗೆಯನ್ನು ಮೊದಲೇ ರತ್ನಳ ಮನೆಗೆ ತಂದಿಟ್ಟುಕೊಂಡು ತಂತಿ ಉದ್ದ ಮಾಡಿಸಿಕೊಂಡಿದ್ದಳು. ಗಾಡಿ ಬಂತು. ಹೆಣ್ಣು ಮಗು. ನಾನು ನೋಡಲು ಹೋದಾಗ ಜೋರಾಗಿ ಅಳುತ್ತಿತ್ತು. ಅಷ್ಟು ಗಂಟಲಿದ್ದರೆ ಇವಳಿಗೆ ಫೋನೇ ಬೇಡ ಎಂದೆ, ರತ್ನ ನಕ್ಕಳು. ಡ್ಯೂಟಿಯ ಮೇಲೆ ಇಲ್ಲದ್ದರಿಂದ ನಾನೂ ನಕ್ಕೆ.

ಹೊಸದಾಗಿ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಯಂತ್ರದ ವಿಚಾರ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅಳೆಯಲು ಸಾಹೇಬರು ಬಂದರೆ ಅವರಿಗೆ ಬೇಕಾದ್ದು ಕೊಡಿ, ಹಪ್ಪಳ ಕರಿದು ಕೊಡಿ, ಉಂಬಳ ಕಚ್ಚಿದರೆ ಸುಣ್ಣ ಹಚ್ಚಿ. ಆದರೆ ಕಾಫಿಯನ್ನು ಗುಂಡಿಯಲ್ಲೇ ಕೊಡಿ.